ಸಾರದೊಡನೆ ಬರುವ ವಿಷ

2024ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ತನಿಖಾ ವರದಿಯೊಂದು ಕ್ಯಾಲಿಫೋರ್ನಿಯಾದ ಗಾಂಜಾ ಮಾರುಕಟ್ಟೆಯನ್ನು ಬೆಚ್ಚಿಬೀಳಿಸಿತು. ಕಾನೂನುಬದ್ಧವಾಗಿ ಮಾರಾಟವಾಗುತ್ತಿದ್ದ 42 ಉತ್ಪನ್ನಗಳನ್ನು ಪರೀಕ್ಷೆಗೆ ಒಡ್ಡಿದಾಗ 25ರಲ್ಲಿ ಕೀಟನಾಶಕದ ಪ್ರಮಾಣ ರಾಜ್ಯದ ಮಿತಿಯನ್ನೋ ತಂಬಾಕಿಗೆ ಇರುವ ಒಕ್ಕೂಟ ಸರ್ಕಾರದ ಮಿತಿಯನ್ನೋ ಮೀರಿತ್ತು. ಇದು ಕಳ್ಳಸಂತೆಯ ಮಾಲಲ್ಲ. ಪರವಾನಗಿ ಪಡೆದ ಅಂಗಡಿಗಳ ಸರಕು.

ವಿಷದ ಮೂಲ ಬೆಳೆಯಲ್ಲೇ ಇದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನು ಕಾಡುವ ಬೂದಿ ರೋಗ ಗಾಂಜಾ ಗಿಡವನ್ನೂ ಬಿಡುವುದಿಲ್ಲ. ದ್ರಾಕ್ಷಿಯ ಬೂದಿ ರೋಗಕ್ಕೆ ಬಳಸುವ ಮೈಕ್ಲೋಬ್ಯುಟಾನಿಲ್ ಎಂಬ ಶಿಲೀಂಧ್ರನಾಶಕವನ್ನು ಕ್ಯಾಲಿಫೋರ್ನಿಯಾದಲ್ಲಿ ಗಾಂಜಾಕ್ಕೂ ಸಿಂಪಡಿಸಿದವರಿದ್ದಾರೆ. ಆದರೆ ಹಣ್ಣನ್ನು ತಿನ್ನುವುದು ಬೇರೆ, ಕಾಯಿಸಿ ಹೊಗೆಯನ್ನೋ ಆವಿಯನ್ನೋ ಎಳೆದುಕೊಳ್ಳುವುದು ಬೇರೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೈಕ್ಲೋಬ್ಯುಟಾನಿಲ್ ಒಡೆದು ಹೈಡ್ರೋಜನ್ ಸೈನೈಡ್ ಹೊರಬೀಳುತ್ತದೆ. ಆಹಾರಕ್ಕೆಂದು ಹಾಕಿದ ಮಿತಿ ಶ್ವಾಸಕೋಶಕ್ಕೆ ರಕ್ಷಣೆಯಾಗಲಾರದು.

ಗಾಂಜಾ ಹೂವಿನಿಂದ ಸಾರ ತೆಗೆಯುವ ಘಟಕದಲ್ಲಿ ಈ ಅಪಾಯ ಇನ್ನೂ ಹೆಚ್ಚುತ್ತದೆ. ದ್ರಾವಕದಿಂದ ಸಾರ ತೆಗೆಯುವ ವಿಧಾನ ಹೊಸದಲ್ಲ. 1964ರಲ್ಲಿ ಇಸ್ರೇಲಿನ ರೆಹೋವೋಟ್‌ನಲ್ಲಿ ಯೆಹಿಯೆಲ್ ಗಾವೋನಿ ಮತ್ತು ರಾಫೆಲ್ ಮೆಕೂಲಮ್ ಗಾಂಜಾದ ರಾಳವಾದ ಹಶೀಶನ್ನು ದ್ರಾವಕದಲ್ಲಿ ಕರಗಿಸಿ, ಕ್ರೊಮಟೋಗ್ರಫಿಯಿಂದ ಬೇರ್ಪಡಿಸಿ, ಅಮಲಿಗೆ ಕಾರಣವಾದ ಟಿಎಚ್‌ಸಿಯ ರಚನೆಯನ್ನು ಕಂಡುಹಿಡಿದರು. ಇಂದಿನ ಕಾರ್ಖಾನೆಗಳೂ ಬ್ಯೂಟೇನ್, ಎಥನಾಲ್ ಅಥವಾ ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡನ್ನು ದ್ರಾವಕವಾಗಿ ಬಳಸುತ್ತವೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ಅನೇಕ ಕೀಟನಾಶಕಗಳೂ ಹಾಗೆಯೇ. ದ್ರಾವಕ ಎರಡನ್ನೂ ಒಟ್ಟಿಗೇ ಸೆಳೆದುಕೊಳ್ಳುತ್ತದೆ. ಹೂವಿನಲ್ಲಿ ಶೇ. 20ರಷ್ಟಿದ್ದ ಟಿಎಚ್‌ಸಿ ಸಾರದಲ್ಲಿ ಶೇ. 80 ಆಗುವಾಗ, ಜೊತೆಗೆ ಬಂದ ವಿಷವೂ ಸರಿಸುಮಾರು ನಾಲ್ಕು ಪಟ್ಟು ಗಟ್ಟಿಯಾಗುತ್ತದೆ.

ಮೀನು ಕರಿದ ಬಾಣಲೆಯಲ್ಲೇ, ಅದೇ ಎಣ್ಣೆಯಲ್ಲಿ ಹಪ್ಪಳ ಕರಿದರೆ ಏನಾಗುತ್ತದೆ? ಹಪ್ಪಳಕ್ಕೆ ಮೀನಿನ ವಾಸನೆ ಹತ್ತುತ್ತದೆ. ಎಣ್ಣೆ ಸೋಸಿದರೂ ಅದು ಹೋಗದು. ಬಾಣಲೆಯನ್ನು ಬರೀ ನೀರಿನಲ್ಲಿ ತೊಳೆದರೆ ಜಿಡ್ಡು ಬಿಡದು. ಸಾರ ತೆಗೆಯುವ ಯಂತ್ರದ್ದೂ ಇದೇ ಕಥೆ. ವಿಷವಿದ್ದ ಹೂವಿನ ಒಂದು ಕಂತು ಒಳಗೆ ಹೋದರೆ ರಬ್ಬರ್ ಗ್ಯಾಸ್ಕೆಟ್, ಕೊಳವೆ, ಕವಾಟಗಳ ಸಂದುಗಳಲ್ಲಿ ಅಂಟಿದ ರಾಳದಲ್ಲಿ ಅದರ ಅಂಶ ಉಳಿಯುತ್ತದೆ. ಮುಂದಿನ ಕಂತು ಶುದ್ಧವಾದ ಹೂವಿನದೇ ಆಗಿದ್ದರೂ ಅದಕ್ಕೆ ಆ ವಿಷ ತಗಲುತ್ತದೆ.

ದ್ರಾವಕವನ್ನು ಮರುಬಳಸುವಾಗಲೂ ಎಚ್ಚರ ಬೇಕು. ಬ್ಯೂಟೇನ್ ಸೊನ್ನೆಗೂ ಅರ್ಧ ಡಿಗ್ರಿ ಕೆಳಗೇ ಕುದಿಯುತ್ತದೆ, ಎಥನಾಲ್ 78 ಡಿಗ್ರಿಯಲ್ಲಿ. ಕೀಟನಾಶಕಗಳು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಹಾಗಾಗಿ ನಿಧಾನವಾಗಿ ಬಟ್ಟಿ ಇಳಿಸಿದರೆ ದ್ರಾವಕ ಬಹುಪಾಲು ಶುದ್ಧವಾಗಿ ಬರುತ್ತದೆ. ಅವಸರದಲ್ಲಿ ಕುದಿಸಿದರೆ ಮಾತ್ರ ವಿಷವಿರುವ ಸಣ್ಣ ಹನಿಗಳು ಆವಿಯೊಂದಿಗೆ ಹಾರಿ ದ್ರಾವಕದ ಟ್ಯಾಂಕು ಸೇರುತ್ತವೆ.

ಪರಿಹಾರಗಳಿವೆ. ಸ್ಟೀಲಿನ ಭಾಗಗಳನ್ನು ಬಿಚ್ಚಿ ಹೊಸ ದ್ರಾವಕದಿಂದ ತೊಳೆಯಬೇಕು, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕು. ಕೊನೆಯ ಬಾರಿ ತೊಳೆದ ದ್ರಾವಕವನ್ನೂ ಟ್ಯಾಂಕಿನ ದ್ರಾವಕವನ್ನೂ ಪ್ರಯೋಗಾಲಯಕ್ಕೆ ಕಳಿಸಿ, ಏನೂ ಪತ್ತೆಯಾಗದಿದ್ದರೆ ಮಾತ್ರ ಮುಂದಿನ ಕಂತು ಶುರುಮಾಡಬೇಕು. ಕೆಟ್ಟುಹೋದ ಸಾರವನ್ನು ಕ್ರೊಮಟೋಗ್ರಫಿಯಿಂದ ಶುದ್ಧೀಕರಿಸಲೂ ಸಾಧ್ಯ, ಆದರೆ ಅದು ದುಬಾರಿ. ಆ ಹಾದಿಯಲ್ಲಿ ಒಂದಿಷ್ಟು ಸಾರವೂ ನಷ್ಟವಾಗುತ್ತದೆ.

ಅಮೆರಿಕದಲ್ಲಿ ಒಕ್ಕೂಟದ ಕಾನೂನು ಗಾಂಜಾವನ್ನು ನಿಷೇಧಿಸಿರುವುದರಿಂದ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅದಕ್ಕೆಂದು ಮಿತಿ ನಿಗದಿಮಾಡಲಿಲ್ಲ. ರಾಜ್ಯಗಳೇ ತಮ್ಮ ನಿಯಮ ಬರೆದುಕೊಂಡವು. ಕ್ಯಾಲಿಫೋರ್ನಿಯಾ 66 ಕೀಟನಾಶಕಗಳ ಪರೀಕ್ಷೆ ಕಡ್ಡಾಯ ಮಾಡಿತು, ಓರೆಗಾನ್ 59. ಆದರೆ ಕ್ಯಾಲಿಫೋರ್ನಿಯಾದ ಪರೀಕ್ಷೆಗಳ ಒತ್ತು ಮಾರುಕಟ್ಟೆಗೆ ಬರುವ ಸರಕಿನ ಮೇಲೆ. ಯಂತ್ರಕ್ಕೆ ಹಾಕುವ ಮುನ್ನವೇ ಪ್ರತಿ ಕಂತಿನ ಹೂವನ್ನು ಪರೀಕ್ಷಿಸುವ ಖರ್ಚು, ಇಡೀ ಘಟಕವನ್ನು ಬಿಚ್ಚಿ ತೊಳೆಯುವ ಖರ್ಚಿಗಿಂತ ಎಷ್ಟೋ ಕಡಿಮೆ. ಆ ಪರೀಕ್ಷೆಯನ್ನೇ ಕಡ್ಡಾಯ ಮಾಡಬೇಕು.