ದಿಮ್ಮಿಯನ್ನು ಮೊದಲು ಹಿಡಿದು ನಿಲ್ಲಿಸಿ

ಬೆಂಗಳೂರಿನ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದ ಆಸುಪಾಸಿನಲ್ಲಿ ನ್ಯೂ ಟಿಂಬರ್ ಯಾರ್ಡ್ ಲೇಔಟ್ ಇದೆ. ರಾಜಾಜಿನಗರ, ವಿಜಯನಗರ, ಕೆಂಗೇರಿಯಲ್ಲಿ ಮನೆ ಕಟ್ಟಿಸಿದವರಲ್ಲಿ ಅನೇಕರು ತಲೆಬಾಗಿಲಿನ ಮರ ಹುಡುಕಿಕೊಂಡು ಇಲ್ಲಿಗೆ ಬಂದವರೇ. ಹಲಗೆಯ ಬಣ್ಣ ನೋಡುತ್ತಾರೆ, ಘನ ಅಡಿಯ (ಸಿಎಫ್‌ಟಿ) ಲೆಕ್ಕ ಹಾಕುತ್ತಾರೆ, ಚೌಕಾಸಿ ಮಾಡಿ ಹೋಗುತ್ತಾರೆ. ಇಲ್ಲಿ ನಿಂತು ನೋಡಬೇಕಾದ ಇನ್ನೊಂದು ವಸ್ತು ಸಾಮಿಲ್ಲಿನ ಒಳಗಿದೆ: ದಿಮ್ಮಿ ಹೊತ್ತ ಟ್ರಾಲಿ.

ನೆಲದಲ್ಲಿ ಹೂತ ಎರಡು ಕಂಬಿಗಳ ಮೇಲೆ ಓಡುವ ಕಬ್ಬಿಣದ ಗಾಡಿ ಅದು. ದಿಮ್ಮಿಯನ್ನು ಹಾರೆಯಿಂದ ಮೀಟಿ, ಉರುಳಿಸಿ, ಅದರ ಮೇಲೆ ಕೂರಿಸುತ್ತಾರೆ. ಬೆನ್ನಿಗೆ ನೆಟ್ಟಗೆ ನಿಂತ ಆಸರೆಗಳು. ಮೇಲಿನಿಂದಲೂ ಕೆಳಗಿನಿಂದಲೂ ಕಚ್ಚಿ ಹಿಡಿಯುವ ಕೊಕ್ಕೆಗಳು. ಸನ್ನೆ ಎಳೆದರೆ ದಿಮ್ಮಿ ಬೇಕಾದಷ್ಟೇ ಮುಂದೆ ಸರಿಯುತ್ತದೆ, ಒಂದಿಂಚು ಅಂದರೆ ಒಂದಿಂಚು. ಆಮೇಲೆ ಗಾಡಿ ಬ್ಯಾಂಡ್ ಸಾ ಮುಂದೆ ಹಾದುಹೋಗುತ್ತದೆ. ಎರಡು ದೊಡ್ಡ ಚಕ್ರಗಳ ಮೇಲೆ ಬೆಲ್ಟಿನಂತೆ ಸುತ್ತುವ ಆ ಗರಗಸದ ಹತ್ತಿರಕ್ಕೂ ಕೈ ಒಯ್ಯಬೇಕಿಲ್ಲ. ಟ್ರಾಲಿಯಿಲ್ಲದೆ ಹಲಗೆಯನ್ನು ಕೈಯಿಂದಲೇ ತಳ್ಳುವ ಸಣ್ಣ ಯಂತ್ರಗಳೂ ಇವೆ. ಬೆರಳು ಕಳೆದುಕೊಳ್ಳುವ ಭಯ ಇರುವುದು ಅಲ್ಲಿ. ತಿರುಗುವ ಯಂತ್ರಕ್ಕೆ ರಕ್ಷಣಾ ಕವಚ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ದಿಮ್ಮಿಯನ್ನು ಮೊದಲು ಹಿಡಿದು ನಿಲ್ಲಿಸುವ ವಿವೇಕ ಯಂತ್ರ ಬರುವ ಮೊದಲೂ ಕಸುಬಿನವರಿಗೆ ಇತ್ತು. ಗುಂಡಿಯ ಮೇಲೆ ದಿಮ್ಮಿ ಅಡ್ಡಹಾಕಿ, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆಯುವಾಗ, ಬೆಣೆ ಬಡಿದು ದಿಮ್ಮಿ ಅಲುಗದಂತೆ ಮಾಡಿದ ಮೇಲೆಯೇ ಮೊದಲ ಎಳೆತ.

ಸಾಮಿಲ್ಲಿನಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ. ದಿಮ್ಮಿಯ ಹೊರಮೈಯ ಸಿಪ್ಪೆ ಹಲಗೆ ಸೌದೆಯಾಗುತ್ತದೆ. ಮರದ ಹೊಟ್ಟು ಒಂದು ಕಾಲಕ್ಕೆ ಬೆಂಗಳೂರಿನ ಎಷ್ಟೋ ಬಚ್ಚಲುಮನೆಗಳ ಇಂಧನವಾಗಿತ್ತು: ತಗಡಿನ ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಎಳೆದುಬಿಟ್ಟರೆ ಉಳಿಯುವ ಕೊಳವೆಯಲ್ಲಿ ಬೆಂಕಿ ಗಂಟೆಗಟ್ಟಲೆ ಉರಿಯುತ್ತಿತ್ತು. ಸೌದೆ ಡಿಪೋಗಳಲ್ಲಿ ಸರ್ವೆ ಮರದ ತುಂಡು ತೂಕಕ್ಕೆ ಸಿಗುತ್ತಿತ್ತು. ಮನೆಗಳಿಗೆ ಗ್ಯಾಸ್ ಬಂದು ದಶಕಗಳಾದವು. ಆದರೂ ಮದುವೆ ಅಡುಗೆಗೆ, ಬಿರಿಯಾನಿ ಹಂಡೆಗೆ, ಚಿತೆಗೆ ಸೌದೆ ಇಂದಿಗೂ ಬೇಕು.

ಈಗ ಬೀದಿಗೆ ಬನ್ನಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಅವುಗಳಲ್ಲಿ ಉಳಿದವು ಇಂದು ನಲವತ್ತರ ಆಸುಪಾಸಿನ ಮರಗಳು. ಸುತ್ತ ಕಾಂಕ್ರೀಟು, ಬೇರಿನ ಪಕ್ಕದಲ್ಲೇ ಚರಂಡಿಗೂ ಕೇಬಲ್ಲಿಗೂ ಅಗೆತ. 2024ರ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಮಳೆ ಸುರಿದು, 1891ರಿಂದ ನಿಂತಿದ್ದ ಜೂನ್ ದಾಖಲೆ ಮುರಿದಾಗ ನಗರದಲ್ಲಿ ನೂರಾರು ಮರ ಉರುಳಿದವು. ಮರ ಬಿದ್ದಾಗ ಸಹಾಯವಾಣಿ 1533ಕ್ಕೆ ಕರೆ ಹೋಗುತ್ತದೆ, ಮರ ತೆರವು ತಂಡ ಪೆಟ್ರೋಲ್ ಗರಗಸ ಹಿಡಿದು ಬರುತ್ತದೆ. ಆ ಹುಡುಗರು ಕೆಲಸ ಮಾಡುವುದು ರಾತ್ರಿ, ಮಳೆಯಲ್ಲಿ, ಎಷ್ಟೋ ಸಲ ಚಪ್ಪಲಿ ಕಾಲಲ್ಲಿ, ಸುತ್ತ ಹಾರ್ನ್ ಹೊಡೆಯುವ ಗಾಡಿಗಳ ನಡುವೆ.

ನೆಲಕ್ಕೆ ಬಿದ್ದ ಕೊಂಬೆ ಎಲ್ಲಿ ಬಾಗಿದೆ, ಎಲ್ಲಿ ಒತ್ತಡ ಹಿಡಿದಿದೆ ಎಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಎರಡು ತುದಿಗೆ ಮಾತ್ರ ಆಸರೆ ಇದ್ದು ನಡುವೆ ಕೊಯ್ದರೆ ಸೀಳು ಮೇಲಿನಿಂದ ಮುಚ್ಚಿಕೊಂಡು ಗರಗಸ ಸಿಕ್ಕಿಬೀಳುತ್ತದೆ. ಗರಗಸದ ಮೂತಿಯ ಮೇಲ್ಭಾಗ ಪಕ್ಕದ ರೆಂಬೆಗೆ ತಗುಲಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹಿಡಿದವನ ಮುಖದತ್ತ ಚಿಮ್ಮುತ್ತದೆ. ಇನ್ನು ಜಾಹೀರಾತಿನ ಫಲಕಕ್ಕೆಂದು ಮರಕ್ಕೆ ಬಡಿದ ಮೊಳೆಗಳು: ತೊಗಟೆಯೊಳಗೆ ಹುದುಗಿ ಕೂತು, ಗರಗಸದ ಹಲ್ಲು ಮುರಿಯುತ್ತವೆ.

ರಸ್ತೆ ತೆರವಾಗುವಷ್ಟು ಮಾತ್ರ ಅಲ್ಲಿ ಕೊಯ್ದು, ಉಳಿದ ಕೊಯ್ತವನ್ನು ಟ್ರಾಲಿಯ ಬುದ್ಧಿ ಬಳಸಿದ ಒಂದು ಟ್ರೇಲರಿಗೆ ವಹಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ತಗ್ಗಾದ ಚೌಕಟ್ಟು ಸಾಕು. ಎರಡೂ ಪಕ್ಕಕ್ಕೆ ಜೋಡಿ ಜೋಡಿಯಾಗಿ ಕಬ್ಬಿಣದ ಗೂಟ, ಸೌದೆಯ ಒಂದೊಂದು ತುಂಡಿಗೆ ಎರಡೆರಡು ಜೋಡಿ; ಹಾಗಿದ್ದರೆ ಪ್ರತಿ ತುಂಡಿಗೂ ಅದರದೇ ಆಸರೆ ಸಿಕ್ಕಿ ಸೀಳು ಮುಚ್ಚಿಕೊಳ್ಳುವುದಿಲ್ಲ. ಕೊಂಬೆಗಳನ್ನು ಅದರೊಳಗೆ ಒಟ್ಟಿ, ಮೇಲೆ ಬೆಲ್ಟು ಬಿಗಿದರೆ ಹತ್ತಾರು ಕೊಂಬೆ ಒಂದೇ ಇಳಿತದಲ್ಲಿ ತುಂಡಾಗುತ್ತವೆ. ತಳಕ್ಕೆ ಮರದ ಪಟ್ಟಿ ಹಾಸಬೇಕು, ಗರಗಸದ ಚೈನು ಕಬ್ಬಿಣಕ್ಕೆ ತಾಗಬಾರದು. ನಾಲ್ಕು ಮೂಲೆಗೆ ಜಾಕಿ, ಚಕ್ರಕ್ಕೆ ಅಡ್ಡಗಟ್ಟೆ. ಕೊಯ್ಯುವವನು ಒಬ್ಬನೇ, ಹೆಲ್ಮೆಟ್ಟು ತೊಟ್ಟು; ತುಂಬುವವರು, ಇಳಿಸುವವರು ಗರಗಸ ನಿಂತ ಮೇಲೆಯೇ ಹತ್ತಿರ ಬರಬೇಕು. ಮಳೆಮರದ ದಪ್ಪ ಬೊಡ್ಡೆಗೆ ಇದು ಹೇಳಿದ್ದಲ್ಲ. ಅದು ಕ್ರೇನಿನಲ್ಲಿ ಹೋಗಲಿ.

ಅಮೆರಿಕದ ಮೇನ್ ರಾಜ್ಯದಲ್ಲಿ ಸೌದೆ ಬ್ಯಾಂಕುಗಳಿವೆ. ನೆರೆಹೊರೆಯವರು ಸೇರಿ ಸೌದೆ ಕಡಿದು, ಚಳಿಗಾಲದಲ್ಲಿ ಕೊಳ್ಳಲಾಗದ ಮನೆಗಳಿಗೆ ಮುಟ್ಟಿಸುತ್ತಾರೆ. ನಮ್ಮಲ್ಲಿ ಬಿದ್ದ ಕೊಂಬೆ ವಾರಗಟ್ಟಲೆ ಫುಟ್‌ಪಾತಿನಲ್ಲೇ ಕೊಳೆಯುವುದುಂಟು, ಅದೇ ಊರಿನ ಸ್ಮಶಾನಕ್ಕೆ ಸೌದೆ ಲಾರಿಯಲ್ಲಿ ಬರುವುದುಂಟು. ಟ್ರೇಲರ್ ಇದ್ದರೆ ತುಂಡಾದ ಸೌದೆ ನೇರವಾಗಿ ಅಲ್ಲಿಗೇ ಹೋದೀತು.

ಈ ಚೌಕಟ್ಟನ್ನು ಬೆಸುಗೆ ಹಾಕಲು ಕಾಮಾಕ್ಷಿಪಾಳ್ಯದ, ಪೀಣ್ಯದ ಸಣ್ಣ ವರ್ಕ್‌ಶಾಪುಗಳಿಗೆ ಬರುವುದಿಲ್ಲ ಎನ್ನುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಮೊದಲ ಒಂದನ್ನು ಮಾಡಿಸಿ ನೋಡಬಹುದು. ಅಳತೆ ಬರೆಯುವ ಮುನ್ನ ಮರ ತೆರವು ತಂಡದ ಹುಡುಗರನ್ನು ಕರೆದು, ಗರಗಸ ಹಿಡಿದ ಅವರ ಸೊಂಟ ಎಷ್ಟು ಎತ್ತರದಲ್ಲಿದೆಯೆಂದು ಅಳೆಯಲಿ. ಕೊಂಬೆ ತುಂಬಿದ ಗಾಡಿಯ ಎತ್ತರ ಅಷ್ಟಿರಬೇಕು.