ದನದ ಕೊಂಬು, ಜಿಂಕೆ ಕೊಂಬು ಎರಡೂ ಒಂದೇನಾ?

ಅರೇಹಳ್ಳಿಯಂಥ ಕಾಫಿ ಸೀಮೆಯವರಿಗೆ ಬಾಯಿಂದ ಮದ್ದು ತುಂಬುವ ಹಳೇ ಕೋವಿ ಹೊಸದಲ್ಲ. ಅಂಥ ಕೋವಿಯ ಮದ್ದು ನೆನೆಯದಿರಲಿ ಎಂದು ಹಿಂದೆ ಭಾರತದಲ್ಲೂ ಯೂರೋಪಿನಲ್ಲೂ ದನ, ಎಮ್ಮೆಗಳ ಕೊಂಬಿನಲ್ಲಿ ತುಂಬಿಡುತ್ತಿದ್ದರು.

ಕೊಂಬು ಎಂದರೆ ಬರೀ ಮೂಳೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಅದು ಅರ್ಧ ನಿಜ. ದನದ ಕೊಂಬಿನ ಒಳಗೆ ಮೂಳೆಯಿದೆ. ಹೊರಗಿನ ಚಿಪ್ಪು ಮಾತ್ರ ನಮ್ಮ ಉಗುರು, ಕೂದಲಿನಲ್ಲಿರುವ ಕೆರಾಟಿನ್. ನೀರಿನಲ್ಲಿ ಕುದಿಸಿದರೆ ನಡುವಿನ ಹಿಡಿತ ಸಡಿಲಾಗಿ ಮೂಳೆ ಕಳಚಿ ಬರುತ್ತದೆ. ಉಳಿದ ಟೊಳ್ಳು ಚಿಪ್ಪಿನ ತುದಿ ಕತ್ತರಿಸಿ, ಸಣ್ಣ ತೂತು ಕೊರೆದು, ಅಗಲ ಬಾಯಿಗೆ ಮರದ ಬಿರಡೆ ಬಡಿದರೆ ಮದ್ದಿನ ಕೊಂಬು ಸಿದ್ಧ. ಅದು ಹಗುರ, ತೇವ ಸುಲಭವಾಗಿ ಒಳಬಿಡದು, ಕಬ್ಬಿಣದಂತೆ ಕಿಡಿ ಹಾರಿಸದು.

ಜಿಂಕೆ, ಕಡವೆಗಳ ಕೊಂಬು ಹಾಗಲ್ಲ. ಅದು ಪೂರ್ತಿ ಮೂಳೆ, ಕಳಚುವ ಚಿಪ್ಪೇ ಇಲ್ಲ. ಉದುರಿ ಮತ್ತೆ ಬೆಳೆಯುತ್ತದೆ.

ಹಾಗಾದರೆ ತೋಟದಲ್ಲಿ ಉದುರಿ ಬಿದ್ದದ್ದನ್ನು ಮನೆಗೆ ತರಬಹುದೇ? ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಸರ್ಕಾರದ ಸ್ವತ್ತು. ಅನುಮತಿಯಿಲ್ಲದೆ ಇಟ್ಟುಕೊಂಡರೂ ಮಾರಿದರೂ ಅಪರಾಧ. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಜಿಂಕೆ ಕೊಂಬು ಮಾರಾಟಕ್ಕಿದೆ ಎಂಬ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ.