ಡಿಕ್ಕಿ ಹೊಡೆದ ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಪರಿಹಾರ ಕೊಡುವವರು ಯಾರು?

“ನನ್ನ ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ. ಎದುರಿನವನಿಗೆ ಇಲ್ಲದಿದ್ದರೆ ನನಗೇನು?” ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ರಸ್ತೆಗಳಲ್ಲಿ ದಿನಾ ಓಡಾಡುವವರೂ ಹೀಗೆ ನಂಬಿರಬಹುದು. ಇದು ಅರ್ಧ ಸತ್ಯ. ಕಾರಿನ ಮಟ್ಟಿಗೆ ಸರಿ, ಒಳಗೆ ಕುಳಿತವರ ಮಟ್ಟಿಗೆ ಅಲ್ಲ.

ಫುಲ್ ಇನ್ಶೂರೆನ್ಸ್ ಇದ್ದರೆ ತಪ್ಪು ಯಾರದೇ ಇರಲಿ, ರಿಪೇರಿ ಖರ್ಚು ನಿಮ್ಮ ಕಂಪನಿಯಿಂದಲೇ ಸಿಗುತ್ತದೆ. ಸವಕಳಿಯ ಪಾಲು ಕಡಿತವಾಗಬಹುದು, ನೋ ಕ್ಲೇಮ್ ಬೋನಸ್ ಕೂಡ ಹೋಗಬಹುದು. ಆದರೆ ಕಾಲು ಮುರಿದರೆ? ಪಾಲಿಸಿಯ ಜೊತೆಗಿರುವ 15 ಲಕ್ಷ ರೂ.ಗಳ ವೈಯಕ್ತಿಕ ಅಪಘಾತ ವಿಮೆ ಗಾಡಿ ಓಡಿಸುವ ಮಾಲೀಕರಿಗೆ ಮಾತ್ರ, ಅದೂ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಆಸ್ಪತ್ರೆ ಬಿಲ್ಲಿಗಲ್ಲ. ಪಕ್ಕದಲ್ಲಿದ್ದ ಹೆಂಡತಿ, ಹಿಂದಿದ್ದ ಮಕ್ಕಳು ಇದರಲ್ಲಿ ಬರುವುದಿಲ್ಲ. ಅವರಿಗೆ ಪ್ರತ್ಯೇಕ ಆಡ್-ಆನ್ ಬೇಕು.

ಅಮೆರಿಕದಲ್ಲಿ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಎಂಬ ಕವರೇಜ್ ಇದೆ. ವಿಮೆ ಇಲ್ಲದವನು ಡಿಕ್ಕಿ ಹೊಡೆದರೆ, ಅವನು ಕೊಡಬೇಕಿದ್ದ ಪರಿಹಾರವನ್ನು ಮಿತಿಯೊಳಗೆ ನಿಮ್ಮದೇ ಕಂಪನಿ ಕೊಡುತ್ತದೆ. ನಮ್ಮ ಸಾಮಾನ್ಯ ಕಾರು ಪಾಲಿಸಿಯಲ್ಲಿ ಇದು ಇಲ್ಲ.

ಹಾಗಾದರೆ ದಾರಿ? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ನೀವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಕಾಯಿದೆ ಕೊಟ್ಟಿರುವ ಅವಧಿ 6 ತಿಂಗಳು. ತೀರ್ಪು ನಿಮ್ಮ ಕಡೆಗಾದರೂ ಹಣ ಕೊಡಬೇಕಾದವರು ಆ ಗಾಡಿಯ ಮಾಲೀಕ ಮತ್ತು ಚಾಲಕ. ಹಳೇ ಬೈಕೊಂದೇ ಆಸ್ತಿಯಾಗಿರುವವನಿಂದ ಲಕ್ಷಗಟ್ಟಲೆ ವಸೂಲು ಮಾಡುವುದು ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಿಲ್ಲ. ಇದಕ್ಕಾಗಿಯೇ ಸುಪ್ರೀಂ ಕೋರ್ಟ್ 2018ರಲ್ಲಿ ರಾಜ್ಯಗಳಿಗೆ ಒಂದು ನಿಯಮ ತರಲು ಸೂಚಿಸಿತು: ಅಪಘಾತ ಮಾಡಿದ ವಿಮೆಯಿಲ್ಲದ ಗಾಡಿಯನ್ನು ಭದ್ರತೆ ಪಡೆಯದೆ ಬಿಡಬಾರದು, ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು. ಇಷ್ಟಾಗಿಯೂ ವಿಮೆ ಇಲ್ಲದೆ ಸಿಕ್ಕಿಬಿದ್ದವರಿಗೆ ಮೊದಲ ಬಾರಿಯ ದಂಡ 2,000 ರೂ. (ಮೂರು ತಿಂಗಳವರೆಗೆ ಜೈಲೂ ಆಗಬಹುದು). ನಮಗಂತೂ ಈ ದಂಡ ಕಡಿಮೆ ಎನಿಸುತ್ತದೆ.

“ವಿಮೆ ಇಲ್ಲದ ಗಾಡಿಯಾದರೆ ಹಿಟ್ ಆ್ಯಂಡ್ ರನ್ ಹಣ ಸಿಗುತ್ತದೆ” ಎಂಬುದೂ ತಪ್ಪು. ಅದು ಯಾವ ಗಾಡಿ ಎಂದೇ ಪತ್ತೆಯಾಗದ ಪ್ರಕರಣಗಳಿಗೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಸಿಗುತ್ತದೆ. ಇದಕ್ಕೆ ವಕೀಲರು ಬೇಕಿಲ್ಲ, ಅರ್ಜಿ ಕಂದಾಯ ಇಲಾಖೆಗೆ. ಬಂಟ್ವಾಳ, ಮೂಡುಬಿದಿರೆ ಮಂಗಳೂರು ಉಪವಿಭಾಗಕ್ಕೆ ಸೇರಿದರೆ ಬೆಳ್ತಂಗಡಿ ಪುತ್ತೂರಿಗೆ ಸೇರುತ್ತದೆ.

ಚಿಕಿತ್ಸೆಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಯೋಜನೆ ತಂದಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದಿಂದ 7 ದಿನ, 1.5 ಲಕ್ಷ ರೂ.ವರೆಗೆ. ಅದರಾಚೆಗಿನ ಬಿಲ್ಲಿಗೆ ಮನೆಮಂದಿಯ ಆರೋಗ್ಯ ವಿಮೆಯೇ ಆಸರೆ.

ಅಪಘಾತವಾದರೆ ಸ್ಥಳದಲ್ಲೇ ಎದುರಿನ ಗಾಡಿಯ ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ. ಅದಕ್ಕೆ ವಿಮೆ ಚಾಲ್ತಿಯಲ್ಲಿದೆಯೇ ಎಂದು ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು. ಗಾಯವಾಗಿದ್ದರೆ “ಇಲ್ಲೇ ಮುಗಿಸುವ” ಎಂಬ ಮಾತಿಗೆ ಒಪ್ಪಬೇಡಿ, ಪೊಲೀಸರಿಗೆ ದೂರು ಕೊಡಿ.